ಮೊದಲು ಬರುವವರು ಪಕ್ಕದ ಮನೆಯವರು: ಜಗತ್ತಿನ ಸಂಕಷ್ಟಗಳಲ್ಲಿ ನಾಗರಿಕ ಸಮಾಜ, ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜುಗಳಲ್ಲಿ ಈ ವಿಷಯ ಮಾತಾಡಿ ಮುಗಿಸಿದ ಮೇಲೆ, ಟೀ ಕುಡಿಯುವ ಹೊತ್ತಿಗೆ ಹತ್ತಿರ ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಪತ್ರಗಳಲ್ಲಿ ಬರುವವೂ ಅವೇ. ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸೂಡಾನಿನ ಮಾತು ಹೆಚ್ಚಾಗಿ ಬಂದಿದ್ದರೆ ಅದಕ್ಕೆ ಕಾರಣವಿದೆ: ಈ ವಿಷಯವನ್ನು ಈಗ ಅಷ್ಟು ಚೆನ್ನಾಗಿ ಕಲಿಸುವ ಜಾಗ ನನಗೆ ಇನ್ನೊಂದು ಕಾಣಿಸಿಲ್ಲ.

## ಶುರುವಿನ ಪ್ರಶ್ನೆಗಳು

ನಾಗರಿಕ ಸಮಾಜ ಅಂದ್ರೆ ಎನ್‌ಜಿಒ ಅಂತ ತಾನೆ?

ಎನ್‌ಜಿಒ ಅದರ ಒಂದು ಪಾಲು. ಸರ್ಕಾರಕ್ಕೂ ಸೇರದೆ, ಲಾಭದ ವ್ಯಾಪಾರವೂ ಆಗದೆ, ಜನ ತಾವಾಗಿ ಕೂಡಿ ಕಟ್ಟಿಕೊಂಡದ್ದೆಲ್ಲ ಇದರಲ್ಲಿ ಬರುತ್ತದೆ: ಯುವಕ ಸಂಘ, ಮಹಿಳಾ ಮಂಡಳಿ, ಮಠ-ಮಸೀದಿ-ಚರ್ಚಿನ ಸಮಿತಿ, ವೈದ್ಯರ ಸಂಘ, ಕಾರ್ಮಿಕ ಸಂಘಟನೆ, ಪರದೇಶದಲ್ಲಿ ನೆಲೆಸಿದವರ ಕೂಟ, ಕೊನೆಗೆ ಒಂದು ಬೀದಿಯ ವಾಟ್ಸಾಪ್ ಗುಂಪು ಕೂಡ. ಲೆಟರ್‌ಹೆಡ್, ರಿಜಿಸ್ಟ್ರೇಷನ್, ಆಡಿಟ್ ವರದಿ ಇರುವವು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತವೆ, ಹಣ ಕೊಡುವವರು ಕೇಳುವುದು ಅವನ್ನೇ. 2018ರಲ್ಲಿ ಕೇರಳದ ನೆರೆಗೆ ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಬಂದ ಮೀನುಗಾರರ ಬಳಿ ಲೆಟರ್‌ಹೆಡ್ ಇರಲಿಲ್ಲ.

ರೆಡ್‌ಕ್ರಾಸ್ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಆಯಾ ದೇಶದ ರೆಡ್‌ಕ್ರಾಸ್ ಸೊಸೈಟಿ ಸ್ವಯಂಸೇವಕರಿಂದ ನಡೆದರೂ ಸರ್ಕಾರದ ಮಾನವೀಯ ಕೆಲಸಕ್ಕೆ ಕೈಜೋಡಿಸುವ ಸ್ಥಾನ ಅದಕ್ಕಿದೆ. ನಮ್ಮದು 1920ರ ಕಾಯ್ದೆಯಿಂದ ಹುಟ್ಟಿದ್ದು. ರಾಷ್ಟ್ರಪತಿಗಳೇ ಅದರ ಅಧ್ಯಕ್ಷರು.

ಭೂಕಂಪ ಆದ್ರೆ ಮೊದಲು ಬರೋದು ವಿಶ್ವಸಂಸ್ಥೆಯವರೇ ಅಲ್ವಾ? ಟಿವಿಯಲ್ಲಿ ಅವರೇ ಕಾಣ್ತಾರೆ.

ಟಿವಿ ಬರುವ ಹೊತ್ತಿಗೆ ಅವರೂ ಬಂದಿರುತ್ತಾರೆ. ಅವಶೇಷದಡಿ ಸಿಕ್ಕವರನ್ನು ಬದುಕಿಸುವ ಕಾಲ ಮೊದಲ ಒಂದೆರಡು ದಿನ. ಆಗ ಅಲ್ಲಿರುವವರು ಪಕ್ಕದ ಮನೆಯವರು ಮಾತ್ರ. 2023ರ ಫೆಬ್ರವರಿ 6ರಂದು ತುರ್ಕಿ ಮತ್ತು ಸಿರಿಯಾದ ಗಡಿಯಲ್ಲಿ ಭೂಮಿ ನಡುಗಿತು. ಬಂಡುಕೋರರ ಕೈಯಲ್ಲಿದ್ದ ವಾಯವ್ಯ ಸಿರಿಯಾಕ್ಕೆ ವಿಶ್ವಸಂಸ್ಥೆಯ ಮೊದಲ ಲಾರಿಗಳು ಬಾಬ್ ಅಲ್ ಹವಾ ಗಡಿ ದಾಟಿದ್ದು 9ನೇ ತಾರೀಖು. ಅಲ್ಲಿಯವರೆಗೆ ಗೋಡೆಗಳನ್ನು ಎತ್ತಿದವರು 'ವೈಟ್ ಹೆಲ್ಮೆಟ್ಸ್' ಎಂದು ಕರೆಯಲಾಗುವ, ಸುಮಾರು 3,000 ಸ್ವಯಂಸೇವಕರ ಸಂಘಟನೆ ಮತ್ತು ಊರ ಜನ. ಬೇಕರಿ ನಡೆಸುತ್ತಿದ್ದವರು, ದರ್ಜಿಗಳು, ಮೇಷ್ಟ್ರುಗಳು ಯುದ್ಧದ ಬಾಂಬಿನಡಿ ಈ ಕೆಲಸ ಕಲಿತಿದ್ದರು. ವಿಶ್ವಸಂಸ್ಥೆಯ ಪರಿಹಾರ ಮುಖ್ಯಸ್ಥ ಮಾರ್ಟಿನ್ ಗ್ರಿಫಿತ್ಸ್ ಅದೇ ವಾರ ಗಡಿಗೆ ಬಂದು, ವಾಯವ್ಯ ಸಿರಿಯಾದ ಜನರ ವಿಷಯದಲ್ಲಿ ನಾವು ಸೋತಿದ್ದೇವೆ ಎಂದು ಬಹಿರಂಗವಾಗಿಯೇ ಒಪ್ಪಿಕೊಂಡರು.

ದೊಡ್ಡ ಸಂಸ್ಥೆಗಳು ಬೇಡವೇ ಬೇಡ ಎಂದು ಇದರಿಂದ ತೀರ್ಮಾನಿಸಬೇಡಿ. ಮೂರನೇ ತಿಂಗಳು ಲಕ್ಷ ಜನಕ್ಕೆ ಡೇರೆ, ಲಸಿಕೆ, ಹಿಟ್ಟು ಒದಗಿಸುವುದು ಒಂದು ಬೀದಿಯ ಜನರಿಂದ ಆಗುವ ಕೆಲಸವಲ್ಲ.

ಈ ಪದ್ಧತಿ ಶುರುವಾದದ್ದು ಯಾವಾಗ?

ನೆರೆಮನೆಗೆ ಬೆಂಕಿ ಬಿದ್ದರೆ ಕೊಡ ಹಿಡಿದು ಓಡುವುದಕ್ಕೆ ಇಸವಿ ಇಲ್ಲ. ದೇಶದ ಗಡಿ ದಾಟಿದ ರೂಪಕ್ಕೆ ಇದೆ. 1859ರ ಜೂನ್ 24ರಂದು ಇಟಲಿಯ ಸೋಲ್ಫೆರಿನೊದಲ್ಲಿ ಕಾಳಗ ನಡೆದು, ಗಾಯಾಳುಗಳು ಪಕ್ಕದ ಕಾಸ್ಟಿಲ್ಯೋನೆ ಊರಿನ ಚರ್ಚು, ಅಂಗಳ ತುಂಬಿದರು. ಆ ಊರಿನ ಹೆಂಗಸರು ಇವರು ಯಾವ ಸೇನೆಯವರೆಂದು ನೋಡದೆ, 'ಎಲ್ಲರೂ ಅಣ್ಣತಮ್ಮಂದಿರೇ' ಎನ್ನುತ್ತ ಶುಶ್ರೂಷೆ ಮಾಡಿದರು. ವ್ಯಾಪಾರದ ಕೆಲಸಕ್ಕೆ ಬಂದಿದ್ದ ಜಿನೀವಾದ ಆಂರಿ ಡ್ಯುನಾನ್ ಅದನ್ನು ಕಂಡು ಬರೆದರು, 1863ರಲ್ಲಿ ರೆಡ್‌ಕ್ರಾಸ್ ಹುಟ್ಟಿತು, ಮರುವರ್ಷ ಮೊದಲ ಜಿನೀವಾ ಒಪ್ಪಂದವಾಯಿತು. 1901ರ ಮೊದಲ ಶಾಂತಿ ನೊಬೆಲ್ ಡ್ಯುನಾನ್ ಪಾಲಿಗೂ ಬಂತು. ಹೆಂಗಸರ ಹೆಸರು ಯಾರಿಗೂ ನೆನಪಿಲ್ಲ. ಈ ಕ್ಷೇತ್ರದ ಇತಿಹಾಸವೆಲ್ಲ ಹೀಗೆಯೇ ಸಾಗಿದೆ.

ಇನ್ನೊಂದು ತಿರುವು, ನೈಜೀರಿಯಾದಿಂದ ಬೇರೆಯಾಗಲು ಹೊರಟ ಬಿಯಾಫ್ರಾದಲ್ಲಿ 1967ರಿಂದ 70ರವರೆಗೆ ನಡೆದ ಯುದ್ಧ. ನೈಜೀರಿಯಾ ಸರ್ಕಾರ ಆ ಪ್ರದೇಶಕ್ಕೆ ದಿಗ್ಬಂಧನ ಹಾಕಿತ್ತು. ಚರ್ಚುಗಳ ಒಕ್ಕೂಟವೊಂದು ರಾತ್ರಿ ಹೊತ್ತು ದೀಪವಾರಿಸಿ, ಉಲಿ ಎಂಬಲ್ಲಿ ಅಗಲ ಮಾಡಿದ ಹೆದ್ದಾರಿಯ ಮೇಲೆ ವಿಮಾನ ಇಳಿಸಿ ಆಹಾರ ಮುಟ್ಟಿಸಿತು. ಜಾಯಿಂಟ್ ಚರ್ಚ್ ಏಡ್ ಎಂಬ ಹೆಸರಿನ ಮೊದಲಕ್ಷರ ಹಿಡಿದು ಪೈಲಟ್‌ಗಳು ಅದನ್ನು 'ಜೀಸಸ್ ಕ್ರೈಸ್ಟ್ ಏರ್‌ಲೈನ್ಸ್' ಎಂದು ತಮಾಷೆ ಮಾಡುತ್ತಿದ್ದರು.

ಸೂಡಾನಿನ 'ಎಮರ್ಜೆನ್ಸಿ ರೂಮ್' ಅಂತ ಓದಿದೆ. ಅದು ಆಸ್ಪತ್ರೆ ವಾರ್ಡಾ?

ಅಲ್ಲ. ಹೆಸರು ಹಾಗೆ ಕೇಳಿಸುತ್ತದೆ, ಅಷ್ಟೆ. 2023ರ ಏಪ್ರಿಲ್ 15ರಂದು ಸೂಡಾನಿನ ಸೇನೆಗೂ 'ಆರ್‌ಎಸ್‌ಎಫ್' ಎಂಬ ಅರೆಸೇನಾ ಪಡೆಗೂ ರಾಜಧಾನಿ ಖಾರ್ಟೂಮಿನ ನಡುಬೀದಿಯಲ್ಲೇ ಯುದ್ಧ ಶುರುವಾಯಿತು. ರಾಯಭಾರ ಕಚೇರಿಗಳು ಬಾಗಿಲು ಹಾಕಿದವು, ದೊಡ್ಡ ಸಂಸ್ಥೆಗಳ ಪರದೇಶಿ ಸಿಬ್ಬಂದಿ ಹೊರಟುಹೋದರು. ಉಳಿದವರು ಬಡಾವಣೆಯ ಹುಡುಗ ಹುಡುಗಿಯರು. ಬಡಾವಣೆಗೊಂದರಂತೆ ಗುಂಪು ಕಟ್ಟಿಕೊಂಡು, ಗಾಯಾಳುಗಳನ್ನು ಸಾಗಿಸುವುದು, ನೀರಿನ ಪಂಪು ರಿಪೇರಿ, ಔಷಧ ಹುಡುಕುವುದು, ಹೆಣ ಹೂಳುವುದು, ಎಲ್ಲಕ್ಕಿಂತ ಹೆಚ್ಚಾಗಿ ಅಡುಗೆ, ಇವಿಷ್ಟನ್ನೂ ಹೊತ್ತುಕೊಂಡರು. ಈ ಗುಂಪುಗಳೇ 'ತುರ್ತು ಕೋಣೆಗಳು'.

ಇವು ರಾತ್ರೋರಾತ್ರಿ ಹುಟ್ಟಿದವಲ್ಲ. 2018ರ ಕೊನೆಗೆ ಒಮರ್ ಅಲ್ ಬಶೀರ್ ಸರ್ವಾಧಿಕಾರದ ವಿರುದ್ಧ ಬೀದಿಗಿಳಿದ 'ಪ್ರತಿರೋಧ ಸಮಿತಿ'ಗಳು ಪ್ರತಿ ಬಡಾವಣೆಯಲ್ಲೂ ಇದ್ದವು. ಯಾರ ಮನೆಯಲ್ಲಿ ಜನರೇಟರ್ ಇದೆ, ಯಾರು ನರ್ಸ್, ಯಾವ ಅಜ್ಜಿ ಒಂಟಿ ಎಂಬುದು ಅವರಿಗೆ ಬಾಯಿಪಾಠ. ಅದಕ್ಕೂ ಹಿಂದೆ ಹೋದರೆ 'ನಫೀರ್' ಸಿಗುತ್ತದೆ: ಸುಗ್ಗಿಗೆ, ಮನೆ ಕಟ್ಟಲು, ನೆರೆ ತಡೆಯಲು ಊರೆಲ್ಲ ಕೂಡಿ ಕೂಲಿಯಿಲ್ಲದೆ ದುಡಿಯುವ ಪದ್ಧತಿ. ನಮ್ಮ ಮುಯ್ಯಾಳು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಡುಗೆಮನೆಗಳಿಗೆ 'ತಕಾಯಾ' ಎನ್ನುತ್ತಾರೆ. ಸೂಫಿ ಮಠಗಳಲ್ಲಿ ಬಂದವರಿಗೆಲ್ಲ ಅನ್ನ ಹಾಕುತ್ತಿದ್ದ ಜಾಗದ ಹೆಸರು ಅದು. ದಾಸೋಹ ಮತ್ತು ಗಂಜಿ ಕೇಂದ್ರ ಎರಡೂ ಕೂಡಿದಂತೆ ಅಂದುಕೊಳ್ಳಿ.

ಹಣ ಬರುತ್ತಿದ್ದದ್ದು ಹೆಚ್ಚಾಗಿ ಪರದೇಶದಲ್ಲಿರುವ ಸೂಡಾನಿಗಳಿಂದ, ಬ್ಯಾಂಕ್ ಆಫ್ ಖಾರ್ಟೂಮಿನ 'ಬಂಕಕ್' ಎಂಬ ಮೊಬೈಲ್ ಆ್ಯಪ್ ಮೂಲಕ. ನಗದು ಇಲ್ಲದ ಊರಿನಲ್ಲಿ ಬೇಳೆ ಅಂಗಡಿಯವನಿಗೂ ಅದರಲ್ಲೇ ಪಾವತಿ. 2024ರ ಫೆಬ್ರವರಿಯಲ್ಲಿ ದೇಶದ ಬಹುಪಾಲು ಕಡೆ ನೆಟ್‌ವರ್ಕ್ ಕಡಿದಾಗ ಆ್ಯಪ್ ನಿಂತಿತು, ಅದರ ಹಿಂದೆಯೇ ನೂರಾರು ಒಲೆಗಳೂ ಆರಿದವು. ಸಿಗ್ನಲ್ ಇಲ್ಲದಿದ್ದರೆ ಊಟವಿಲ್ಲ ಎಂಬ ಸ್ಥಿತಿ.

2025ರಲ್ಲಿ ಈ ಗುಂಪುಗಳಿಗೆ ನಾರ್ವೆಯ ರಾಫ್ಟೊ ಪ್ರಶಸ್ತಿ, ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಎರಡೂ ಬಂದವು. ಅದೇ ವರ್ಷ ಡಾರ್ಫುರ್‌ನ ಎಲ್ ಫಾಶರ್ ನಗರ ಸುದೀರ್ಘ ಮುತ್ತಿಗೆಯಲ್ಲಿ ಸಿಕ್ಕಿಕೊಂಡು, ಜನ 'ಅಂಬಾಜ್' ತಿನ್ನುತ್ತಿದ್ದರು. ಅಂಬಾಜ್ ಎಂದರೆ ಶೇಂಗಾ ಎಣ್ಣೆ ತೆಗೆದ ಮೇಲೆ ಉಳಿಯುವ, ದನಕ್ಕೆ ಹಾಕುವ ಹಿಂಡಿ. ಅಕ್ಟೋಬರ್ 26ರಂದು ಆ ನಗರ ಆರ್‌ಎಸ್‌ಎಫ್ ವಶವಾಯಿತು.

ನಮ್ಮ ಹಕ್ಕಿಪಿಕ್ಕಿ ಜನರನ್ನು ಸೂಡಾನಿನಿಂದ ಕರೆತಂದದ್ದು ಸರ್ಕಾರ. ಅಲ್ಲಿ ಯಾವ ಸಂಘ ಏನು ಮಾಡ್ತು?

ನ್ಯಾಯವಾದ ಪ್ರಶ್ನೆ. ತೈಲ, ಗಿಡಮೂಲಿಕೆ ಮಾರಲು ಹೋಗಿದ್ದ ಶಿವಮೊಗ್ಗ, ದಾವಣಗೆರೆ, ಮೈಸೂರು ಕಡೆಯ ಹಕ್ಕಿಪಿಕ್ಕಿ ಕುಟುಂಬಗಳು ಎಲ್ ಫಾಶರ್ ಮುಂತಾದೆಡೆ ಸಿಕ್ಕಿಬಿದ್ದವು. ನಮ್ಮಲ್ಲಿ ವಿಧಾನಸಭಾ ಚುನಾವಣೆಯ ಕಾವು. ಅವರ ಬಿಕ್ಕಟ್ಟು ಟ್ವಿಟರ್ ಜಗಳವೂ ಆಯಿತು. 2023ರ ಏಪ್ರಿಲ್ 24ರಂದು 'ಆಪರೇಷನ್ ಕಾವೇರಿ' ಶುರುವಾಗಿ, ಪೋರ್ಟ್ ಸೂಡಾನಿನಿಂದ ನೌಕಾಪಡೆಯ ಹಡಗು, ವಾಯುಪಡೆಯ ವಿಮಾನಗಳಲ್ಲಿ ಜೆಡ್ಡಾಕ್ಕೆ, ಅಲ್ಲಿಂದ ಊರಿಗೆ, ಒಟ್ಟು 3,862 ಜನರನ್ನು ಕರೆತರಲಾಯಿತು.

ಯುದ್ಧನೌಕೆ ಕಳಿಸುವುದು, ಎರಡೂ ಸೇನೆಗಳ ಜೊತೆ ಮಾತಾಡಿ ದಾರಿ ಬಿಡಿಸುವುದು ಸರ್ಕಾರದಿಂದ ಮಾತ್ರ ಸಾಧ್ಯ. ಸಂಘಸಂಸ್ಥೆಗಳು ಎಲ್ಲವನ್ನೂ ಮಾಡಬಲ್ಲವು ಎಂದು ಯಾರಾದರೂ ಭಾಷಣ ಮಾಡಿದರೆ ಈ ಹಡಗುಗಳನ್ನು ನೆನಪಿಸಿ. ಆದರೆ ಹಡಗು ಹತ್ತಲು ಪಾಸ್‌ಪೋರ್ಟ್ ಬೇಕಿತ್ತು. ಅದೇ ಬೀದಿಯಲ್ಲಿ ಉಳಿದ ಸೂಡಾನಿಗಳಿಗೆ ಯಾವ ನೌಕೆಯೂ ಬರಲಿಲ್ಲ. ಮೇಲೆ ಹೇಳಿದ ಒಲೆಗಳು ಹೊತ್ತಿದ್ದು ಅವರಿಗಾಗಿ.

## ರೊಕ್ಕ, ಸಾಮಾನು

ಹಳೇ ಬಟ್ಟೆ, ಅಕ್ಕಿ ಮೂಟೆ ಒಟ್ಟು ಮಾಡಿ ಕಳಿಸೋಣ ಅಂತಿದ್ದೀವಿ. ಹೇಗೆ ಕಳಿಸೋದು?

ಕಳಿಸಬೇಡಿ. 2004ರ ಸುನಾಮಿ ಆದಾಗ ತಮಿಳುನಾಡಿನ ಕರಾವಳಿಯ ರಸ್ತೆ ಬದಿಯಲ್ಲಿ ಹಳೇ ಬಟ್ಟೆಯ ರಾಶಿಗಳು ಬಿದ್ದಿದ್ದವು. ದುಡಿದು ಬದುಕುತ್ತಿದ್ದ ಮೀನುಗಾರರು ಅದನ್ನು ಮುಟ್ಟಲಿಲ್ಲ. ಪರದೇಶಕ್ಕಾದರೆ ಸಾಗಣೆ ವೆಚ್ಚ, ಕಸ್ಟಮ್ಸ್, ಗೋದಾಮು ಬೇರೆ. ಔಷಧದ ಪೆಟ್ಟಿಗೆಗಳು ಹಡಗು ಹತ್ತುವ ಬಂದರಿನಲ್ಲಿ ನಿಮ್ಮ ಸೀರೆ ಗಂಟು ಜಾಗ ಹಿಡಿಯುತ್ತದೆ. ಅಂಗಡಿಗಳು ಅಲ್ಪಸ್ವಲ್ಪ ತೆರೆದಿರುವ ಕಡೆ ಹಣ ಕೊಡುವುದೇ ಒಳ್ಳೆಯದು. ಬೇಕಾದ್ದನ್ನು ಅವರೇ ಕೊಳ್ಳುತ್ತಾರೆ, ಅಲ್ಲಿನ ವ್ಯಾಪಾರಿಯೂ ಉಳಿಯುತ್ತಾನೆ.

ಸರ, ದೇವರು ಕೊಟ್ರೂ ಪೂಜಾರಿ ಕೊಡಂಗಿಲ್ಲ ಅಂತಾರ. ನಾವು ಕೊಟ್ಟ ನೂರು ರೂಪಾಯಿದಾಗ ಅಲ್ಲಿಗೆ ಎಷ್ಟು ಮುಟ್ತೈತ್ರಿ?

ಧಾರವಾಡದಲ್ಲಿ ಒಬ್ಬ ಹಿರಿಯರು ಕೇಳಿದ್ದು. ಗಾದೆ ಸರಿಯಾಗಿಯೇ ತಾಗುತ್ತದೆ, ಆದರೆ ಪೂಜಾರಿ ಒಬ್ಬನಲ್ಲ, ಸಾಲಾಗಿ ಕೂತಿದ್ದಾರೆ. ಶ್ರೀಮಂತ ದೇಶದ ಸರ್ಕಾರ ವಿಶ್ವಸಂಸ್ಥೆಯ ಅಂಗಸಂಸ್ಥೆಗೆ ಕೊಡುತ್ತದೆ, ಅದು ಅಂತರರಾಷ್ಟ್ರೀಯ ಎನ್‌ಜಿಒಗೆ, ಅದು ದೇಶದ ಎನ್‌ಜಿಒಗೆ, ಅದು ಊರಿನ ಗುಂಪಿಗೆ. ಪ್ರತಿ ಕೈ ದಾಟುವಾಗಲೂ ಆಡಳಿತ ವೆಚ್ಚ ಕಳೆಯುತ್ತದೆ, ಪ್ರತಿ ಕೈಗೂ ಬೇರೆ ನಮೂನೆಯ ವರದಿ ಬೇಕು. ಹಣ ಕೆಳಗಿಳಿದಂತೆ ಕರಗುತ್ತದೆ. ಅಪಾಯ ಮಾತ್ರ ಕೆಳಗಿಳಿದಂತೆ ಬೆಳೆಯುತ್ತದೆ.

ಇದನ್ನು ಸರಿಪಡಿಸುತ್ತೇವೆಂದು 2016ರಲ್ಲಿ ಇಸ್ತಾಂಬುಲ್‌ನ ವಿಶ್ವ ಮಾನವೀಯ ಶೃಂಗಸಭೆಯಲ್ಲಿ 'ಗ್ರ್ಯಾಂಡ್ ಬಾರ್ಗೇನ್' ಎಂಬ ಒಪ್ಪಂದವಾಯಿತು. 2020ರೊಳಗೆ ಶೇ. 25ರಷ್ಟು ಹಣ ಆದಷ್ಟು ನೇರವಾಗಿ ಸ್ಥಳೀಯರಿಗೆ ಹೋಗಬೇಕು ಎಂದು ಗುರಿ. ಗಡುವು ಕಳೆದು ವರ್ಷಗಳಾದರೂ ನೇರವಾಗಿ ಮುಟ್ಟುವ ಪಾಲು ಒಂದಂಕಿ ದಾಟಿಲ್ಲ. ಕಾರಣ ಕೇಳಿದರೆ ಸ್ಥಳೀಯರಿಗೆ ಲೆಕ್ಕ ಇಡಲು ಬರುವುದಿಲ್ಲ ಎನ್ನುತ್ತಾರೆ. ಬಾಂಬ್ ಬೀಳುವ ಬೀದಿಯಲ್ಲಿ ಬೇಳೆ ಕೊಂಡವನಿಂದ ಮೂರು ಕೊಟೇಶನ್ ಕೇಳುವ ನಿಯಮ ಬರೆದವರು ಒಮ್ಮೆ ಆ ಬೇಳೆ ಕೊಳ್ಳಲು ಹೋಗಬೇಕಿತ್ತು.

ಹಾಗೆಂದು 'ಆಡಳಿತ ವೆಚ್ಚ ಸೊನ್ನೆ' ಎಂದು ಜಾಹೀರಾತು ಕೊಡುವವರನ್ನೂ ನಾನು ನಂಬುವುದಿಲ್ಲ. ಲೆಕ್ಕ ಬರೆಯುವವರಿಗೂ ಸಂಬಳ ಬೇಕು. ನನಗೆ ಗೌರವ ಹುಟ್ಟಿಸಿದ್ದು ಬೇರೆ: 2004ರ ಸುನಾಮಿಯಾದ ಒಂದೇ ವಾರದಲ್ಲಿ 'ಎಂಎಸ್‌ಎಫ್' ವೈದ್ಯರ ಸಂಸ್ಥೆ, ನಮ್ಮ ಸುನಾಮಿ ಕೆಲಸಕ್ಕೆ ಬೇಕಾದಷ್ಟು ಬಂದಾಯಿತು, ಇನ್ನು ಅದಕ್ಕೆಂದು ಕೊಡಬೇಡಿ ಎಂದು ದಾನಿಗಳಿಗೆ ಹೇಳಿತು. ಉಳಿದ ಕೆಲವು ಸಂಸ್ಥೆಗಳು ಅದಕ್ಕೆ ಕೋಪ ಮಾಡಿಕೊಂಡವು.

ಒಂದೇ ದೇಶ ದುಡ್ಡು ನಿಲ್ಲಿಸಿದ್ರೆ ಇಷ್ಟೊಂದು ಗದ್ದಲ ಯಾಕೆ?

ಆ ದೇಶ ಅಮೆರಿಕ, ಜಗತ್ತಿನ ಪರಿಹಾರ ಹಣಕ್ಕೆ ಎಲ್ಲರಿಗಿಂತ ಹೆಚ್ಚು ಕೊಡುತ್ತಿದ್ದದ್ದು. 2025ರ ಜನವರಿಯಲ್ಲಿ ಅದು ವಿದೇಶಿ ನೆರವನ್ನು ಒಮ್ಮೆಲೇ ತಡೆಹಿಡಿದಾಗ ಖಾರ್ಟೂಮಿನಲ್ಲಿ ನೂರಾರು ತಕಾಯಾಗಳು ಕೆಲವೇ ದಿನಗಳಲ್ಲಿ ಮುಚ್ಚಿದವು. ಪರದೇಶದ ಸೂಡಾನಿಗಳು ಮತ್ತೆ ಜೇಬಿಗೆ ಕೈಹಾಕಿದರು, ಆದರೆ ಎರಡು ವರ್ಷದ ಯುದ್ಧದಲ್ಲಿ ಅವರ ಜೇಬೂ ಬರಿದಾಗಿತ್ತು.

ನಾನು ಕರ್ನಾಟಕದಿಂದ ನೇರವಾಗಿ ಹಣ ಕಳಿಸಬಹುದಾ? ಕಾನೂನು ಏನನ್ನುತ್ತೆ?

ವ್ಯಕ್ತಿಯಾಗಿ ಕಳಿಸಬಹುದು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ವರ್ಷಕ್ಕೆ 2,50,000 ಡಾಲರ್ ಮಿತಿಯೊಳಗೆ ದಾನಕ್ಕೂ ಅವಕಾಶವಿದೆ. ನಮ್ಮ ಊರಿನ ಟ್ರಸ್ಟ್ ಮೂಲಕ ಕಳಿಸುತ್ತೇವೆಂದರೆ ತೊಡಕು: ದೇಶದ ಹೊರಗೆ ಖರ್ಚಾದ ಹಣಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗಬೇಕಾದರೆ ಕೇಂದ್ರದ ವಿಶೇಷ ಅನುಮತಿ ಬೇಕು. ಯುದ್ಧದ ದೇಶಕ್ಕೆಂದರೆ ಬ್ಯಾಂಕಿನವರು ಹತ್ತು ಪ್ರಶ್ನೆ ಕೇಳಿ ತಡಮಾಡುತ್ತಾರೆ, ಅದಕ್ಕೆ ಸಿದ್ಧರಾಗಿರಿ.

ಎದುರು ದಿಕ್ಕಿನ ಕಥೆ ಇನ್ನೂ ಬಿಗಿ. ಹೊರಗಿನಿಂದ ನಮ್ಮ ಸಂಸ್ಥೆಗಳಿಗೆ ಬರುವ ಹಣಕ್ಕೆ ಎಫ್‌ಸಿಆರ್‌ಎ ಕಾಯ್ದೆಯಿದೆ. 2020ರ ತಿದ್ದುಪಡಿಯ ಪ್ರಕಾರ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೇ ಬರಬೇಕು, ಆಡಳಿತ ವೆಚ್ಚ ಶೇ. 20 ದಾಟಬಾರದು, ಮುಖ್ಯವಾಗಿ ಒಂದು ಸಂಸ್ಥೆ ಇನ್ನೊಂದಕ್ಕೆ ಹಂಚುವಂತಿಲ್ಲ. ಮರುವರ್ಷ ಕೋವಿಡ್ ಎರಡನೇ ಅಲೆಯಲ್ಲಿ ಈ ಕೊನೆಯ ನಿಯಮ ಕೈಕಟ್ಟಿತು. ಸಣ್ಣ ಗುಂಪುಗಳು ವಿದೇಶಿ ಹಣವನ್ನು ನೇರವಾಗಿ ತರುವಷ್ಟು ದೊಡ್ಡವಲ್ಲ, ದೊಡ್ಡವುಗಳಿಂದ ಪಡೆಯುವಂತೆಯೂ ಇಲ್ಲ.

## ಕಷ್ಟದ ಪ್ರಶ್ನೆಗಳು

ಯಾರ ಪಕ್ಷವನ್ನೂ ವಹಿಸಬಾರದು ಅಂತಾರೆ. ಕಣ್ಣೆದುರು ಅನ್ಯಾಯ ಆದ್ರೂ ಸುಮ್ಮನಿರಬೇಕಾ?

ಈ ಕ್ಷೇತ್ರ ಒಂದೂವರೆ ಶತಮಾನದಿಂದ ಇದೇ ಜಗಳ ಆಡುತ್ತಿದೆ. ರೆಡ್‌ಕ್ರಾಸಿನ ವಾದ: ಬಾಯಿಬಿಟ್ಟರೆ ಸೇನೆ ಗೇಟು ಮುಚ್ಚುತ್ತದೆ, ಒಳಗಿರುವ ಕೈದಿಗೆ ಔಷಧ ಹೋಗುವುದಿಲ್ಲ. ಅದೇ ವಾದ ಹಿಡಿದು 1942ರ ಅಕ್ಟೋಬರಿನಲ್ಲಿ ಅದು ಯಹೂದಿಗಳ ಹತ್ಯೆಯ ಬಗ್ಗೆ ಬಹಿರಂಗ ಹೇಳಿಕೆ ಕೊಡದಿರಲು ತೀರ್ಮಾನಿಸಿತು. ತನ್ನ ಇತಿಹಾಸದ ಅತಿದೊಡ್ಡ ಸೋಲೆಂದು ಈಗ ತಾನೇ ಒಪ್ಪುತ್ತದೆ. ಬಿಯಾಫ್ರಾದಲ್ಲಿ ಈ ಮೌನ ಸಹಿಸದ ಕೆಲವು ಫ್ರೆಂಚ್ ವೈದ್ಯರು, ಪತ್ರಕರ್ತರೊಂದಿಗೆ ಸೇರಿ 1971ರಲ್ಲಿ ಎಂಎಸ್‌ಎಫ್ ಕಟ್ಟಿದರು: ಚಿಕಿತ್ಸೆಯೂ ಮಾಡುತ್ತೇವೆ, ಕಂಡದ್ದನ್ನೂ ಹೇಳುತ್ತೇವೆ ಎಂದು.

ಹೇಳಿದರೂ ಬಿಕ್ಕಟ್ಟು ತೀರಲಿಲ್ಲ. ಬಿಯಾಫ್ರಾದ ನಾಯಕರು ಹಸಿದ ಮಕ್ಕಳ ಚಿತ್ರಗಳನ್ನು ತಮ್ಮ ಪ್ರಚಾರಕ್ಕೆ ಚೆನ್ನಾಗಿಯೇ ಬಳಸಿದ್ದರು. ನನ್ನ ಅಭಿಪ್ರಾಯ ಕೇಳಿದರೆ, ಎರಡು ಬಗೆಯವರೂ ಬೇಕು, ಒಬ್ಬರೇ ಎರಡನ್ನೂ ಮಾಡಹೋದರೆ ಎರಡೂ ಕೆಡುತ್ತದೆ. ಬಾಯಿಬಿಟ್ಟು ಹೇಳುವವರು ಏನು ಮಾಡಬಲ್ಲರು ಎಂಬುದಕ್ಕೆ ನೆಲಬಾಂಬ್ ನಿಷೇಧ ಒಂದು ಉದಾಹರಣೆ. 1992ರಲ್ಲಿ ಆರು ಸಂಘಟನೆಗಳು ಸೇರಿ ಶುರುಮಾಡಿದ ಚಳವಳಿ 1997ರಲ್ಲಿ ಒಟ್ಟಾವಾ ಒಪ್ಪಂದವಾಗಿ, ಅದೇ ವರ್ಷ ನೊಬೆಲ್ ಪಡೆಯಿತು. ಭಾರತ ಆ ಒಪ್ಪಂದಕ್ಕೆ ಇನ್ನೂ ಸಹಿ ಹಾಕಿಲ್ಲ.

ಒಳ್ಳೇದು ಮಾಡೋಕೆ ಹೋಗಿ ಕೆಟ್ಟದ್ದು ಮಾಡಿದ್ದೂ ಇದೆಯಂತಲ್ಲ?

ಇದೆ, ಮುಚ್ಚಿಡುವುದೇಕೆ. 1994ರಲ್ಲಿ ರುವಾಂಡಾದ ನರಮೇಧ ಮುಗಿಯುತ್ತಿದ್ದಂತೆ ಲಕ್ಷಾಂತರ ಜನ ಗಡಿ ದಾಟಿ ಈಗಿನ ಕಾಂಗೋದ ಗೋಮಾಕ್ಕೆ ಬಂದರು. ಕಾಲರಾ, ಭೇದಿಯಿಂದ ಮೊದಲ ತಿಂಗಳಲ್ಲೇ ಸುಮಾರು 50,000 ಜನ ಸತ್ತರು. ಸಂಸ್ಥೆಗಳಿಗೆ ಕೊರತೆಯಿರಲಿಲ್ಲ, ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಿತ್ತು. ಇನ್ನೂ ಘೋರವೆಂದರೆ ಶಿಬಿರಗಳ ಆಡಳಿತ ನರಮೇಧ ನಡೆಸಿದ ಕೊಲೆಗಡುಕರ ಕೈಯಲ್ಲೇ ಇತ್ತು, ಪಡಿತರ ಅವರ ಮೂಲಕವೇ ಹಂಚಿಕೆಯಾಗುತ್ತಿತ್ತು. ಎಂಎಸ್‌ಎಫ್‌ನ ಫ್ರೆಂಚ್ ವಿಭಾಗ ಅದನ್ನು ಸಹಿಸಲಾರದೆ ಆ ವರ್ಷದ ಕೊನೆಗೆ ಹೊರಬಂತು.

ಆ ನಾಚಿಕೆಯಿಂದ 1997ರಲ್ಲಿ ಹುಟ್ಟಿದ್ದು 'ಸ್ಫಿಯರ್' ಮಾನದಂಡ: ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಅಂದರೆ ಹೆಚ್ಚುಕಡಿಮೆ ಒಂದು ಕೊಡ, 20 ಜನಕ್ಕೊಂದು ಶೌಚಾಲಯ, ಒಬ್ಬರಿಗೆ ಮೂರೂವರೆ ಚದರ ಮೀಟರ್ ಸೂರು. ನಮ್ಮ ನೆರೆ ಪರಿಹಾರ ಕೇಂದ್ರಗಳಿಗೆ ಹೋದಾಗ ಈ ಮೂರು ಲೆಕ್ಕ ಹಾಕಿ ನೋಡಿ.

ಹೈಟಿಯದ್ದು ಇನ್ನೊಂದು ಬಗೆ. 2010ರ ಜನವರಿಯ ಭೂಕಂಪದ ನಂತರ ಸಮನ್ವಯ ಸಭೆಗಳು ವಿಮಾನ ನಿಲ್ದಾಣದ ಹತ್ತಿರದ ವಿಶ್ವಸಂಸ್ಥೆಯ ಆವರಣದಲ್ಲಿ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆದವು. ಕ್ರಿಯೋಲ್ ಮಾತಾಡುವ ಸ್ಥಳೀಯ ಸಂಘಗಳವರಿಗೆ ಗೇಟಿನ ಪಾಸೂ ಸಿಗುವುದು ಕಷ್ಟವಾಗಿತ್ತು. ಅಕ್ಟೋಬರಿನಲ್ಲಿ ಶಾಂತಿಪಾಲಕರ ಶಿಬಿರದ ಕೊಳಚೆಯಿಂದ ಕಾಲರಾ ಹಬ್ಬಿ ಸುಮಾರು ಹತ್ತು ಸಾವಿರ ಜನ ಸತ್ತರು. ವಿಶ್ವಸಂಸ್ಥೆ ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ. ಅಷ್ಟಾದರೂ ಆದದ್ದು ಹೈಟಿಯ ವಕೀಲರ ಸಂಘಟನೆಗಳು ಬೆನ್ನು ಬಿಡದೆ ಹಿಂದೆ ಬಿದ್ದದ್ದರಿಂದ.

ಎಬೋಲಾದಂಥ ರೋಗಕ್ಕೆ ಡಾಕ್ಟರು ಬೇಕು, ಊರಿನ ಸಂಘ ಏನು ಮಾಡೀತು?

ಹೆಣ ಹೂಳೀತು. 2014ರಿಂದ 16ರವರೆಗೆ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ಹಬ್ಬಿ 11,000ಕ್ಕೂ ಹೆಚ್ಚು ಜನರನ್ನು ಕೊಂದ ಎಬೋಲಾ ಶವದಿಂದಲೂ ಹರಡುತ್ತದೆ. ಅಲ್ಲಿ ಶವಕ್ಕೆ ಸ್ನಾನ ಮಾಡಿಸಿ, ಮುಟ್ಟಿ ಬೀಳ್ಕೊಡುವುದು ವಾಡಿಕೆ. ಬಿಳಿ ಅಂಗಿಯವರು ಬಂದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಹೋದಾಗ ಜನ ರೋಗಿಗಳನ್ನು ಬಚ್ಚಿಟ್ಟರು, ಗಿನಿಯ ಒಂದು ಹಳ್ಳಿಯಲ್ಲಿ ತಿಳಿವಳಿಕೆ ಹೇಳಲು ಹೋದ ಎಂಟು ಜನರನ್ನು ಕೊಂದೇಬಿಟ್ಟರು. ಇಮಾಮರು, ಪಾದ್ರಿಗಳು, ಊರ ಹಿರಿಯರನ್ನು ಕೂರಿಸಿ ಮಾತಾಡಿದ ಮೇಲೆ 'ಸುರಕ್ಷಿತ, ಮರ್ಯಾದೆಯ ಸಂಸ್ಕಾರ' ಎಂಬ ಕ್ರಮ ಬಂತು: ಮನೆಯವರು ದೂರ ನಿಂತು ಪ್ರಾರ್ಥಿಸಬಹುದು, ಹೊದಿಸಲು ಬಟ್ಟೆ ಕೊಡಬಹುದು. ಹೂಳಿದವರು ರೆಡ್‌ಕ್ರಾಸಿನ ಸ್ಥಳೀಯ ಹುಡುಗರು. ಕೆಲಸ ಮುಗಿಸಿ ಹೋದರೆ ಹಲವರನ್ನು ಅವರ ಮನೆಯವರೇ ಒಳಗೆ ಸೇರಿಸಲಿಲ್ಲ.

ಸರ್ಕಾರವೇ ಹೊರಗಿನವರು ಬೇಡ ಅಂದ್ರೆ?

2008ರ ಮೇ ತಿಂಗಳಲ್ಲಿ ನರ್ಗಿಸ್ ಚಂಡಮಾರುತ ಮ್ಯಾನ್ಮಾರಿನ ಐರಾವತಿ ಮುಖಜ ಭೂಮಿಯಲ್ಲಿ ಲಕ್ಷಕ್ಕೂ ಮೀರಿ ಜನರನ್ನು ಕೊಂದಾಗ ಸೇನಾಡಳಿತ ವಾರಗಟ್ಟಲೆ ವೀಸಾ ಕೊಡಲಿಲ್ಲ. ಆಗ ಬೌದ್ಧ ವಿಹಾರಗಳು ಗಂಜಿ ಕೇಂದ್ರಗಳಾದವು, ಯಾಂಗೂನಿನ ಜನ ಸ್ವಂತ ಕಾರಿನಲ್ಲಿ ಅಕ್ಕಿ ಒಯ್ದರು. ಹಾಸ್ಯನಟ ಜರ್ಗನಾರ್ ಕೂಡ ಗೆಳೆಯರನ್ನು ಕಟ್ಟಿಕೊಂಡು ಹಂಚಿದರು, ಪರಿಹಾರ ಸಾಲದೆಂದು ವಿದೇಶಿ ಮಾಧ್ಯಮಕ್ಕೆ ಹೇಳಿದರು. ಅದಕ್ಕೆ ಅವರಿಗೆ ಸಿಕ್ಕಿದ್ದು ದಶಕಗಳ ಜೈಲು ಶಿಕ್ಷೆ, ಬಿಡುಗಡೆಯಾದದ್ದು 2011ರಲ್ಲಿ.

ಬೆಂಗಳೂರಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಏನಾದ್ರೂ ಸಹಾಯ ಮಾಡೋಕಾಗುತ್ತಾ?

ಆಗುತ್ತದೆ. ಹೈಟಿ ಭೂಕಂಪದ ನಂತರ ಉಪಗ್ರಹ ಚಿತ್ರ ನೋಡಿ ರಸ್ತೆ, ಮನೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗುರುತಿಸಿದವರು ಬೇರೆ ಬೇರೆ ದೇಶಗಳ ಸ್ವಯಂಸೇವಕರು. 2015ರ ಏಪ್ರಿಲ್ 25ರ ನೇಪಾಳ ಭೂಕಂಪದಲ್ಲಿ 'ಕಠ್ಮಂಡು ಲಿವಿಂಗ್ ಲ್ಯಾಬ್ಸ್' ಎಂಬ ಸ್ಥಳೀಯ ತಂಡ ಈ ಕೆಲಸದ ಮುಂದಾಳತ್ವ ವಹಿಸಿತು. ಅವರು ಮೊದಲೇ ಊರಿನ ಶಾಲೆ, ಆಸ್ಪತ್ರೆಗಳನ್ನು ನಕ್ಷೆಗೆ ಏರಿಸಿದ್ದರಿಂದ ಅದು ಸಾಧ್ಯವಾಯಿತು. ದುರಂತವಾದ ಮೇಲೆ ಉತ್ಸಾಹದಿಂದ ಶುರುಮಾಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಯುದ್ಧದಲ್ಲಿ ಇನ್ನೊಂದು ಎಚ್ಚರ: ಅಡುಗೆಮನೆ, ಆಸ್ಪತ್ರೆಗಳ ಜಾಗ ಗುರುತಿಸಿದ ನಕ್ಷೆ ಹಸಿದವರಿಗೆ ಎಷ್ಟು ಉಪಯೋಗವೋ ಗುರಿಯಿಡುವವರಿಗೂ ಅಷ್ಟೇ.

ಇವರ ಮೇಲೆ ದಾಳಿಯಾದ್ರೆ ಕೇಳೋರು ಯಾರು?

ಕಾಗದದ ಮೇಲೆ ಅಂತರರಾಷ್ಟ್ರೀಯ ಕಾನೂನು. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ 383 ಪರಿಹಾರ ಕಾರ್ಯಕರ್ತರು ಕೊಲೆಯಾದರು, ಅಲ್ಲಿಯವರೆಗಿನ ಅತಿ ಹೆಚ್ಚು ಸಂಖ್ಯೆ. ಸತ್ತವರಲ್ಲಿ ಬಹುಪಾಲು ಆಯಾ ದೇಶದವರೇ. ಸಂಸ್ಥೆಯ ಸಿಬ್ಬಂದಿಯಾದರೆ ವಿಮೆ, ಹೊರಗೆ ಸಾಗಿಸಲು ವಿಮಾನ, ಹೆಸರಿಗೊಂದು ಹೇಳಿಕೆ ಇರುತ್ತದೆ. ಸೂಡಾನಿನ ತಕಾಯಾದಲ್ಲಿ ಸೌಟು ಹಿಡಿದವನನ್ನು ಒಂದು ಪಡೆ ಎದುರಾಳಿಯ ಗೂಢಚಾರನೆಂದು ಎಳೆದೊಯ್ಯುತ್ತದೆ, ಬೀದಿ ಕೈಬದಲಾದ ಮೇಲೆ ಇನ್ನೊಂದು ಪಡೆಯೂ ಅದೇ ಆರೋಪ ಹೊರಿಸುತ್ತದೆ.

ನನ್ನ ಮಗಳು ಎಂಎಸ್‌ಡಬ್ಲ್ಯು ಓದ್ತಿದ್ದಾಳೆ, ಈ ಕೆಲಸಕ್ಕೆ ಹೋಗ್ತೀನಿ ಅಂತಾಳೆ. ಕಳಿಸಬಹುದಾ?

ತುಮಕೂರಿನ ತಾಯಿಯೊಬ್ಬರ ಪತ್ರ. ಕಳಿಸಿ, ಆದರೆ ತಕ್ಷಣ ಅಲ್ಲ. ಅಲ್ಲಿ ಕೊರತೆ ಇರುವುದು ಕರುಣೆಗಲ್ಲ. ನೀರಿನ ಎಂಜಿನಿಯರ್, ಗೋದಾಮು ನೋಡಿಕೊಳ್ಳುವವರು, ಲೆಕ್ಕಿಗರು, ಅರೇಬಿಕ್ ಅಥವಾ ಫ್ರೆಂಚ್ ಬಲ್ಲವರು ಸಿಗುವುದಿಲ್ಲ. ಈ ಮಳೆಗಾಲದಲ್ಲಿ ಕೃಷ್ಣಾ ತೀರದಲ್ಲಿ ಎಲ್ಲಾದರೂ ಗಂಜಿ ಕೇಂದ್ರ ತೆರೆದರೆ ಹದಿನೈದು ದಿನ ಅಲ್ಲಿರಲಿ. ಊಟ ಬಡಿಸುವ ಕೆಲಸಕ್ಕೆ ಎಲ್ಲರೂ ಮುಂದೆ ಬರುತ್ತಾರೆ, ಅದು ಬೇಡ. ಯಾರ ಮನೆಯಿಂದ ಎಷ್ಟು ಜನ ಬಂದರು, ಯಾವ ಮಗುವಿಗೆ ಜ್ವರ, ಎಷ್ಟು ಹೊದಿಕೆ ಹೋಯಿತು, ಎಷ್ಟು ಉಳಿಯಿತು ಎಂಬ ರಿಜಿಸ್ಟರ್ ಬರೆಯಲಿ. ಹದಿನಾರನೇ ದಿನವೂ ಅದೇ ಮಾತು ಹೇಳಿದರೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿ.